ಮೊದಲ ಸಾಲಿನ ಕಾಯಂ ಪ್ರೇಕ್ಷಕಿ

ಗೋಡೆಗೆ ಅಂಟಿಸಿದ ಪೋಸ್ಟರ್ ಕಂಡರೆ ನಿಂತು ಓದುವ ಚಟ ನನಗಿದೆ. ಸುಮ್ಮನೆ ಕಣ್ಣು ಹಾಯಿಸುವುದಲ್ಲ. ಕಾರ್ಯಕ್ರಮದ ಹೆಸರು, ಉದ್ಘಾಟಕರು, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ, ಕೊನೆಗೆ ಮೂಲೆಯಲ್ಲಿ ಮುದುರಿಕೊಂಡಿರುವ ಮುದ್ರಣಾಲಯದ ಹೆಸರಿನ ತನಕ ಓದಿದರೇ ಸಮಾಧಾನ. ಮೊನ್ನೆ ಹಲಸೂರು ಕೆರೆಯ ಹತ್ತಿರ ಮಗಳ ಸ್ಕೂಟರಿನಲ್ಲಿ ಹಿಂದೆ ಕೂತಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಕಂಬಕ್ಕೆ ಕಟ್ಟಿದ್ದ ವೀಣಾ ಕಛೇರಿಯ ಬೋರ್ಡೊಂದು ಅರ್ಧ ಕಂಡಿತು. "ಸ್ವಲ್ಪ ಮುಂದಕ್ಕ ತಗೋವಾ, ಕಂಬ ಅಡ್ಡ ಬರ್ತದ" ಅಂದೆ. "ಅಮ್ಮಾ, ಅದು ಆಗಿಹೋಗಿ ತಿಂಗಳಾಯ್ತು, ಡೇಟ್ ನೋಡು" ಅಂದಳು ಮಗಳು. ಆಗಿಹೋಗಿದ್ದರೂ ನನಗೆ ಒಂದು ಚಿಂತೆ ಉಳಿದೇ ಉಳಿಯಿತು: ಪಾಪ, ಎಷ್ಟು ಜನ ಬಂದಿದ್ದರೋ ಏನೋ.

ಈ ಚಿಂತೆ ನನಗೆ ಅಂಟಿಕೊಂಡದ್ದು ಎರಡು ಸಾವಿರದ ನಾಲ್ಕೈದರ ಸುಮಾರಿನಲ್ಲಿ. ನಾನಾಗ ಗದಗಿನಿಂದ ವರ್ಗವಾಗಿ ಬೆಂಗಳೂರಿನ ದಂಡು ಪ್ರದೇಶದ ಒಂದು ಕಚೇರಿಗೆ ಬಂದಿದ್ದೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದೆ, ಮಹಡಿಯ ಮೇಲೆ ಒಂಟಿ ಕೋಣೆ. ಮನೆಯ ಮಾಲೀಕರು ನಾರಾಯಣಪ್ಪನವರು; ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಾರ್ಖಾನೆಯ ಶಿಸ್ತನ್ನೆಲ್ಲ ಮನೆಗೆ ತಂದು ಬಾಡಿಗೆದಾರರ ಮೇಲೆ ಖರ್ಚು ಮಾಡುತ್ತಿದ್ದರು. ನೀರು ಬೆಳಗ್ಗೆ ಇಷ್ಟು ಹೊತ್ತು, ಗೇಟಿಗೆ ಬೀಗ ರಾತ್ರಿ ಇಷ್ಟು ಹೊತ್ತಿಗೆ, ಬಟ್ಟೆ ಒಣಹಾಕಲು ಎಡಗಡೆಯ ಹಗ್ಗ ಮಾತ್ರ. ಕೋಣೆ ಚಿಕ್ಕದು, ಆದರೆ ಬಾಗಿಲು ತೆರೆದರೆ ಇಡೀ ಟೆರೇಸು ನನ್ನದೇ ಎಂದು ನಾನು ಊರಿನಲ್ಲೆಲ್ಲ ಕೊಚ್ಚಿಕೊಂಡಿದ್ದೆ.

ವಾರದ ದಿನಗಳು ಹೇಗೋ ಸಾಗುತ್ತಿದ್ದವು. ಭಾನುವಾರ ಬಂದರೆ ಹೆದರಿಕೆ. ಬೆಳಗಿನಿಂದ ಸಂಜೆಯವರೆಗೆ ಬಾಯಿ ತೆರೆದು ಮಾತಾಡಲು ಒಬ್ಬರಿಲ್ಲ. ಅವ್ವ ಫೋನಿನಲ್ಲಿ "ಅಲ್ಲೆ ಯಾರರ ಗುರ್ತಾಗ್ಯಾರೇನವಾ?" ಅಂತ ಕೇಳಿದರೆ "ಭಾಳ ಮಂದಿ ಆಗ್ಯಾರ ಬಿಡವಾ" ಅಂತ ಹೇಳಿ ಇಡುತ್ತಿದ್ದೆ. ನನ್ನ ಭಾಳ ಮಂದಿ ಎಂದರೆ ಸೊಪ್ಪು ಮಾರುವಾಕೆ ಮತ್ತು ಕಚೇರಿಯ ವಾಚ್‌ಮನ್. ಅವರಿಬ್ಬರ ಜೊತೆಗೂ ತಮಿಳು ಬಾರದ ನಾನು ತಲೆಯಾಡಿಸಿಯೇ ಸಂಸಾರ ನಡೆಸಿದ್ದೆ.

ಹಾಗಿರುವಾಗ ಒಂದು ದಿನ ಕಚೇರಿಯ ಗೋಡೆಯ ಮೇಲೆ ಪೋಸ್ಟರ್ ಕಂಡಿತು. ಹಲಸೂರಿನ ಒಂದು ಶಾಲೆಯ ಮಕ್ಕಳ ಗಾಯನ, ಎಲ್ಲರಿಗೂ ಸ್ವಾಗತ. ಎಲ್ಲರಿಗೂ ಅಂದಮೇಲೆ ನನಗೂ ಅಂತ ತಿಳಿದು ಹೋದೆ. ಮಕ್ಕಳ ಅಪ್ಪ ಅಮ್ಮಂದಿರನ್ನು ಬಿಟ್ಟರೆ ಹೊರಗಿನವರು ಇಬ್ಬರೇ. ನಾನು, ಮತ್ತು ಆ ಪೋಸ್ಟರನ್ನು ವಿನ್ಯಾಸ ಮಾಡಿದ ಅನ್ವರ್. ಅನ್ವರ್ ಪುಲಿಕೇಶಿನಗರದವನು, ಶಿವಾಜಿನಗರದ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಮದುವೆ ಕಾರ್ಡುಗಳಿಗೆ ಬಳ್ಳಿ ಹೂವು ಕೂರಿಸುವ ಕೆಲಸ ಅವನದು. ಹಾಡಿಸಿದ ಸಂಗೀತದ ಟೀಚರ್ ಸ್ಟೆಲ್ಲಾ ಕೊನೆಗೆ ನಮ್ಮಿಬ್ಬರ ಬಳಿ ಬಂದು, "ನೀವ್ ಯಾರ ಮಗುವಿನ ಕಡೆಯವರು?" ಅಂತ ಕೇಳಿದಳು. ಯಾರ ಕಡೆಯವರೂ ಅಲ್ಲ ಅಂದಾಗ ಅವಳಿಗೆ ಆದ ಸಂತೋಷ ನೋಡಬೇಕಿತ್ತು. ಸ್ನೇಹ ಶುರುವಾದದ್ದು ಹಾಗೆ.

ಬ್ಲಾಗ್ ಎಂಬ ಯೋಚನೆ ಸ್ಟೆಲ್ಲಾಳದು. "ಈ ಕಡೆ ಎಷ್ಟ್ ಜನ ಹಾಡ್ತಾರೆ, ಚಿತ್ರ ಬರೀತಾರೆ, ನಾಟಕ ಮಾಡ್ತಾರೆ. ಒಬ್ಬರಿಗೊಬ್ಬರು ಗೊತ್ತೇ ಇಲ್ಲ. ನಾವು ಗೊತ್ತು ಮಾಡಿಸೋಣ" ಅಂದಳು. ಇಂಗ್ಲಿಷಿನಲ್ಲಿ ಅವಳು ಬರೆಯುವುದು, ಕನ್ನಡದಲ್ಲಿ ನಾನು, ಫೋಟೋ ಮತ್ತು ಪುಟದ ಅಂದಚಂದ ಅನ್ವರನದು. ಹೆಸರು 'ಯಾರು, ಎಲ್ಲಿ' ಅಂತ ಇಟ್ಟೆವು. ನಮ್ಮನ್ನು ನಾವು ಸ್ವಯಂಸೇವಕರು ಅಂತ ಕರೆದುಕೊಂಡೆವು. ಸಂಬಳ ಇಲ್ಲದೆ ಬೈಸಿಕೊಳ್ಳುವವರಿಗೆ ಕನ್ನಡದಲ್ಲಿ ಇರುವ ಮರ್ಯಾದೆಯ ಹೆಸರು ಅದೊಂದೇ.

ನಮ್ಮ ಸಂಪಾದಕೀಯ ಸಭೆ ಭಾನುವಾರ ಬೆಳಗ್ಗೆ ರಸೆಲ್ ಮಾರುಕಟ್ಟೆಯ ಎದುರಿನ ಚಹಾದಂಗಡಿಯಲ್ಲಿ. ಅದಕ್ಕೆ ಕಾರಣ ಕಲೆಯಲ್ಲ, ಅನುಕೂಲ. ಸ್ಟೆಲ್ಲಾ ಚರ್ಚಿನ ಪೂಜೆ ಮುಗಿಸಿ ಹೂವು ಕೊಳ್ಳಲು ಬರುತ್ತಿದ್ದಳು, ಅನ್ವರ್ ಮನೆಗೆ ಮಾಂಸ ಒಯ್ಯಲು, ನಾನು ತರಕಾರಿಗೆ. ಕಾಲಬಳಿ ಚೀಲಗಳನ್ನು ಇಟ್ಟುಕೊಂಡು ನಾವು ಊರಿನ ಕಲಾಲೋಕವನ್ನು ಹಂಚಿಕೊಳ್ಳುತ್ತಿದ್ದೆವು. ಒಮ್ಮೆ ಚೀಲ ಅದಲುಬದಲಾಗಿ, ಗದಗಿನ ಲಿಂಗಾಯತರ ಮನೆಯ ಹುಡುಗಿ ನಾನು ಒಂದು ಕಿಲೋ ಖೀಮಾ ಹಿಡಿದು ನಾರಾಯಣಪ್ಪನವರ ಗೇಟು ದಾಟಿದ ಕಥೆ ಬೇರೆಯೇ ಇದೆ, ಅದನ್ನು ಇಲ್ಲಿ ಹೇಳಿದರೆ ಅವ್ವ ಇವತ್ತಿಗೂ ಕ್ಷಮಿಸುವುದಿಲ್ಲ.

ಹಂಚಿಕೊಳ್ಳುವುದು ಏಕೆಂದರೆ ನಮ್ಮಲ್ಲಿ ಒಂದು ನಿಯಮವಿತ್ತು. ಯಾವ ಕಾರ್ಯಕ್ರಮಕ್ಕೆ ನಾವು 'ಎಲ್ಲರೂ ಬನ್ನಿ' ಅಂತ ಬರೆಯುತ್ತೇವೋ ಅಲ್ಲಿಗೆ ನಮ್ಮಲ್ಲೊಬ್ಬರು ಹೋಗಲೇಬೇಕು. ಬೇರೆ ಯಾರೂ ಬಾರದಿದ್ದರೆ ಮೊದಲ ಸಾಲಿನಲ್ಲಿ ಕೂರಬೇಕು, ಮುಗಿಯುವ ತನಕ ಏಳಬಾರದು. ಬರೆಯುವಾಗ ಇದು ಬಹಳ ಸುಲಭದ ನಿಯಮ.

ನನಗೆ ಸಣ್ಣಂದಿನಿಂದಲೇ ಇದರಲ್ಲಿ ತರಬೇತಿಯಿತ್ತು ಅನ್ನಿ. ನಮ್ಮ ಸೋದರಮಾವ ಪಿಟೀಲು ಕಲಿಯುತ್ತಿದ್ದ. ಅವನು ಪೆಟ್ಟಿಗೆ ತೆರೆದರೆ ಸಾಕು, ಮನೆಮಂದಿಗೆಲ್ಲ ಹಿತ್ತಲಿನ ಕೆಲಸ ನೆನಪಾಗುತ್ತಿತ್ತು. ಅಜ್ಜಿ ಹುರಿದ ಶೇಂಗಾವನ್ನು ನನ್ನ ಲಂಗದ ಉಡಿಗೆ ಸುರಿದು, "ಹೋಗು, ಅಂವನ ಮುಂದ ಕುಂದ್ರು. ಒಬ್ಬಾಂವನ ಬಾರಿಸ್ಲಿಕ್ಕ ಅಂವಗ ಬ್ಯಾಸರಾಗ್ತದ" ಅಂತ ಕಳಿಸುತ್ತಿದ್ದಳು. ಶೇಂಗಾ ಮುಗಿಯುವ ತನಕ ನಾನು, ನಾನು ಏಳುವ ತನಕ ಮಾವ. ನನ್ನ ಸಂಗೀತ ಶಿಕ್ಷಣ ಅಷ್ಟೇ, ಆದರೆ ಕೂರುವುದು ಚೆನ್ನಾಗಿ ಕಲಿತೆ.

ಇಂದಿರಾನಗರದ ಒಂದು ನರ್ಸರಿ ಶಾಲೆಯಲ್ಲಿ ವಿಶ್ವನಾಥ್ ಎಂಬುವರ ಏಕಪಾತ್ರಾಭಿನಯ ಇತ್ತು. ಕೆ.ಆರ್. ಪುರದವರು, ಬ್ಯಾಂಕಿನ ಕೆಲಸ, ನಾಟಕದ ಹುಚ್ಚು. ಸರದಿ ನನ್ನದು. ಹೋದರೆ ಇಡೀ ಕೋಣೆಯಲ್ಲಿ ಮಕ್ಕಳ ಪುಟ್ಟ ಕುರ್ಚಿಗಳು, ನಾನು, ಅವರು. ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತೆ. ರಾಜಸಭೆಯ ದೃಶ್ಯದಲ್ಲಿ ಅವರು ಕೈಯೆತ್ತಿ "ಮಹಾಜನರೇ, ನೀವೇ ತೀರ್ಪು ಕೊಡಿ" ಅಂತ ನನ್ನ ಕಡೆ ನೋಡಿದರು. ಮಹಾಜನರ ಪರವಾಗಿ ನಾನು ತಲೆಯಾಡಿಸಿದೆ. ನಡುವೆ ಹತ್ತು ನಿಮಿಷ ವಿರಾಮ ಅಂತ ಅವರೇ ಘೋಷಿಸಿ, ಅವರೇ ಫ್ಲಾಸ್ಕಿನಿಂದ ನನಗೆ ಕಾಫಿ ಬಗ್ಗಿಸಿಕೊಟ್ಟು, ಮತ್ತೆ ಮುಖಕ್ಕೆ ಬಣ್ಣ ಸರಿಮಾಡಿಕೊಂಡು ರಾಜನಾಗಲು ಹೋದರು. ಕಾಫಿ ಕುಡಿದ ಋಣಕ್ಕೆ ಬಿದ್ದವಳು ಎದ್ದು ಹೋಗುವುದು ಹೇಗೆ?

ಸ್ಟೆಲ್ಲಾಳ ಪಾಡು ಇನ್ನೊಂದು ಬಗೆ. ಪುಲಿಕೇಶಿನಗರದ ಒಬ್ಬ ಹಿರಿಯ ಉರ್ದು ಕವಿಗಳು ಮನೆಯ ನಡುಮನೆಯಲ್ಲಿ ಕವಿತೆ ಓದುತ್ತಿದ್ದರು. ನಾವೆಲ್ಲ ಅವರನ್ನು ಸಾಹೇಬರು ಅನ್ನುತ್ತಿದ್ದೆವು. ಅವರ ಇಬ್ಬರು ಅಳಿಯಂದಿರನ್ನು ಬಿಟ್ಟರೆ ಕೇಳುವವಳು ಸ್ಟೆಲ್ಲಾ ಒಬ್ಬಳೇ. ಅವಳಿಗೆ ಉರ್ದು ಗೊತ್ತಿಲ್ಲ. ಅಳಿಯಂದಿರು ವಾಹ್ ಅಂದಾಗ ವಾಹ್ ಅನ್ನು ಅಂತ ಅನ್ವರ್ ಹೇಳಿಕೊಟ್ಟಿದ್ದ. ಮಾವನ ಕವಿತೆ ಕೇಳಿ ಕೇಳಿ ಅಳಿಯಂದಿರು ತೂಕಡಿಸುತ್ತಿದ್ದರಿಂದ ಅವಳೇ ಅಂದಾಜಿನ ಮೇಲೆ ವಾಹ್ ಹೇಳಬೇಕಾಯಿತಂತೆ. ಇನ್ನು ಅನ್ವರ್, ಹಲಸೂರಿನಲ್ಲಿ ತಮ್ಮ ಮನೆಯ ವರಾಂಡದಲ್ಲೇ ಜಲವರ್ಣ ಚಿತ್ರಗಳನ್ನು ತೂಗುಹಾಕಿದ್ದ ಗ್ರೇಸ್ ಆಂಟಿಯ ಪ್ರದರ್ಶನಕ್ಕೆ ಹೋಗಿ, ಜನ ಬಂದಂತೆ ಕಾಣಲಿ ಅಂತ ಗೇಟಿನಿಂದ ಹೊರಗೆ ಹೋಗಿ ಹೋಗಿ ಮತ್ತೆ ಬಂದನಂತೆ. ಆಂಟಿ ಪ್ರತಿಸಲವೂ ಕೈಕುಲುಕಿ ಸ್ವಾಗತಿಸಿದರಂತೆ.

ಹೀಗೆ ಒಂದೂವರೆ ವರ್ಷ ನಡೆಯಿತು. ಒಂದು ಭಾನುವಾರ ಸ್ಟೆಲ್ಲಾ ಚಹಾ ಮುಟ್ಟದೆ ಕೂತಿದ್ದಳು.

"ಶಾಂತಾ, ಮುಚ್ಚಿಬಿಡೋಣ" ಅಂದಳು. "ಯಾರ್ ಓದ್ತಿದಾರೆ ಹೇಳು? ಕಾಮೆಂಟಲ್ಲಿ ನೀನು, ನಾನು, ಇವನು. ಬಿಟ್ರೆ ಕೂದಲು ಬೆಳೆಸೋ ಎಣ್ಣೆಯವರು. ನಾವ್ ಬರೆದಿದ್ದು ನೋಡಿ ಒಬ್ಬರಾದ್ರೂ ಎಲ್ಲಿಗಾದ್ರೂ ಬಂದಿದಾರಾ? ಈ ತಿಂಗಳು ಮುಗಿಸಿ ನಿಲ್ಲಿಸೋಣ."

ಅನ್ವರ್ ಚಹಾದ ದುಡ್ಡು ಎಣಿಸತೊಡಗಿದ. ಅಂದರೆ ಅವನೂ ಒಪ್ಪಿದ ಹಾಗೆ. ಕಲಾವಿದರು ಒಬ್ಬರಿಗೊಬ್ಬರು ಗೊತ್ತಾಗದಿದ್ದರೆ ಹೋಗಲಿ ಬಿಡಿ, ನನಗೆ ಈ ಊರಿನಲ್ಲಿ ಗೊತ್ತಿದ್ದದ್ದೇ ಇದು. ಬ್ಲಾಗ್ ನಿಂತರೆ ಈ ಚಹಾದಂಗಡಿ ನಿಲ್ಲುತ್ತದೆ, ಇವರಿಬ್ಬರು ಅವರವರ ಮನೆಯ ಪಾಲಾಗುತ್ತಾರೆ, ನಾನು ಮತ್ತೆ ಟೆರೇಸಿನ ಮೇಲೆ ಭಾನುವಾರವನ್ನು ಎದುರು ಹಾಕಿಕೊಂಡು ಕೂರುವುದು. ಅದನ್ನು ನೆನೆದು ನನಗೆ ನಿಜವಾಗಿ ಹೆದರಿಕೆಯಾಯಿತು. ಆದರೆ ಹಾಗಂತ ಹೇಳಲು ನಾಚಿಕೆ. "ಪುಟ ನೋಡ್ಲಿಕ್ಕ ಚಂದಿಲ್ಲ, ಅದಕ್ಕ ಮಂದಿ ಬರವಲ್ರು. ಹೊಸಾ ಪುಟ ಮಾಡಿ ನೋಡೋಣು" ಅಂದೆ. ಬಾಯಿಗೆ ಬಂದದ್ದು ಅದು. "ಸರಿ, ಈ ತಿಂಗಳ ಮಟ್ಟಿಗೆ" ಅಂದಳು ಸ್ಟೆಲ್ಲಾ.

ಅನ್ವರ್ ಅದೇ ವಾರ ಸೈಬರ್ ಕೆಫೆಯಲ್ಲಿ ಕೂತು ಹೊಸ ಪುಟ ಸಿದ್ಧಮಾಡಿದ. ಆಗೆಲ್ಲ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದು ದೇವರ ದಯೆ; ಅರ್ಧ ಅಕ್ಷರ ಬಂದು ಇನ್ನರ್ಧ ಚೌಕ ಚೌಕವಾಗಿ ಕಾಣುತ್ತಿತ್ತು. ಒತ್ತಕ್ಷರ ಸರಿಯಾಗಿ ಬಂದರೆ ಬಚಾವ್. ಅವನು ಫೋನ್ ಮಾಡಿ, "ಅಕ್ಕಾ, ಟೆಸ್ಟ್ ಮಾಡ್ಬೇಕು, ಒತ್ತಕ್ಷರ ಇರೋ ಒಂದು ಸುಳ್ ಪ್ರೋಗ್ರಾಂ ಹೇಳಿ" ಅಂದ. ನಾನು ಕಚೇರಿಯ ಗಡಿಬಿಡಿಯಲ್ಲಿ ತಲೆಗೆ ಹೊಳೆದದ್ದನ್ನು ಒಂದೊಂದೇ ಅಕ್ಷರವಾಗಿ ಬರೆಸಿದೆ. ಹೊಸ ತಿಪ್ಪಸಂದ್ರದಲ್ಲಿ ಒತ್ತಕ್ಷರಕ್ಕೆ ಬರವಿಲ್ಲವಲ್ಲ, ನನ್ನ ಮನೆಯ ವಿಳಾಸವನ್ನೇ ಕೊಟ್ಟೆ. ಭಾನುವಾರ ಸಂಜೆ ಐದಕ್ಕೆ, ಟೆರೇಸಿನ ಮೇಲೆ, ಗದಗ ಸೀಮೆಯ ಹೆಣ್ಣುಮಕ್ಕಳ ಹಾಡು, ಹಾಡುವವರು ಶಾಂತಾ, ಎಲ್ಲರೂ ಬನ್ನಿ. ಹೇಳುತ್ತಾ ನನಗೇ ನಗು ಬಂತು. ಅಷ್ಟರಲ್ಲಿ ಅವನ ಕಡೆ ಕರೆಂಟ್ ಹೋಯಿತು. "ಸೇವ್ ಆಯ್ತೋ ಇಲ್ವೋ ಅಕ್ಕಾ, ನಾಳೆ ನೋಡ್ತೀನಿ" ಅಂದ. ನಾಳೆ ಮದುವೆ ಕಾರ್ಡಿನ ಸೀಸನ್ ಶುರುವಾಯಿತು.

ಆ ಭಾನುವಾರ ಸ್ಟೆಲ್ಲಾಳ ಚರ್ಚಿನಲ್ಲಿ ಏನೋ ವಿಶೇಷವಿದ್ದು ನಮ್ಮ ಬೆಳಗಿನ ಸಭೆ ಇರಲಿಲ್ಲ. ಸಂಜೆ ನಾನು ಬಕೆಟ್ಟಿನ ಮುಂದೆ ಕೂತು ಸೀರೆ ಹಿಂಡುತ್ತಿದ್ದೆ. ಕೆಳಗಿನಿಂದ ನಾರಾಯಣಪ್ಪನವರ ದನಿ ಬಂತು.

"ಶಾಂತಮ್ಮಾ, ಯಾರೋ ಬಂದವ್ರೆ ನೋಡು. ಏನೋ ಹಾಡಂತೆ."

ಮೆಟ್ಟಿಲ ಮೇಲೆ ವಿಶ್ವನಾಥ್ ಬರುತ್ತಿದ್ದರು. ಇಸ್ತ್ರಿ ಮಾಡಿದ ಜುಬ್ಬಾ, ಕಂಕುಳಲ್ಲಿ ಛತ್ರಿ. ಕೆ.ಆರ್. ಪುರದಿಂದ ಬಸ್ಸು ಬದಲಿಸಿ ಬಂದಿದ್ದರು.

"ಬೇಗ ಬಂದ್ಬಿಟ್ನೇನ್ರೀ?"

"ಯಾವ್ದಕ್ಕ ಸರ್?"

"ನಿಮ್ ಹಾಡಿಗೆ. ಬ್ಲಾಗಲ್ಲಿ ಹಾಕಿದ್ರಲ್ಲ."

ನಾನು ಹಿಂಡಿದ ಸೀರೆಯನ್ನು ಹಿಡಿದುಕೊಂಡೇ ನಿಂತೆ. ಅದು ಸುಳ್ಳು ಕಾರ್ಯಕ್ರಮ ಸರ್ ಅನ್ನಬೇಕು. ಜುಬ್ಬಾದ ಇಸ್ತ್ರಿ ನೋಡಿ ನಾಲಗೆ ಏಳಲಿಲ್ಲ. ಅವರನ್ನು ಕೂರಿಸಿ, ಮೂಲೆಗೆ ಹೋಗಿ ಅನ್ವರನಿಗೆ ಫೋನ್ ಮಾಡಿದೆ.

"ಅಕ್ಕಾ, ಸೇವ್ ಒತ್ತಿದೀನಿ ಅಂದ್ಕೊಂಡೆ. ಪಬ್ಲಿಶ್ ಒತ್ಬಿಟ್ಟಿದೀನಿ ಅನ್ಸುತ್ತೆ."

"ವಾರದಿಂದ ಅಲ್ಲೇ ಅದ ಅಂತಾತು. ನೀ ಒಂದಿನಾನೂ ನೋಡ್ಲಿಲ್ಲೇನೋ?"

"ನೀವ್ ನೋಡಿದ್ರಾ?"

ನಾನೂ ನೋಡಿರಲಿಲ್ಲ. ಯಾರೂ ಓದುವುದಿಲ್ಲ ಅಂತ ಚಹಾ ಬಿಟ್ಟು ಕೊರಗಿದ ನಾವು ಮೂವರೂ ನಮ್ಮ ಬ್ಲಾಗನ್ನು ಓದುತ್ತಿರಲಿಲ್ಲ. ಬರೆಯುವುದು, ಹಾಕುವುದು, ಓದದೆಯೇ ಕೆಳಗೊಂದು ಭೇಷ್ ಅಂಟಿಸುವುದು, ಕಾರ್ಯಕ್ರಮಕ್ಕೆ ಓಡುವುದು, ಇಷ್ಟೇ. "ಸ್ಟೆಲ್ಲಾನ ಕರ್ಕೊಂಡು ಈಗ್ಲೇ ಬಾ" ಅಂದೆ.

ಅವರು ಬರುವ ಹೊತ್ತಿಗೆ ಗ್ರೇಸ್ ಆಂಟಿ ಮನೆಯಲ್ಲೇ ಮಾಡಿದ ಕೇಕು ಹಿಡಿದು ಬಂದಾಗಿತ್ತು. ಸಾಹೇಬರು ಇಬ್ಬರು ಅಳಿಯಂದಿರ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲು ಹತ್ತುತ್ತಿದ್ದರು. ಇಷ್ಟು ಜನ ನೋಡಿದರೆ ನಾರಾಯಣಪ್ಪನವರು ಕೋಣೆ ಖಾಲಿ ಮಾಡು ಅನ್ನುತ್ತಾರೆ ಅಂತ ನಾನು ಎಣಿಸಿದ್ದೆ. ಅವರು ಅಂದದ್ದು ಇಷ್ಟೇ: "ಬಂದೋರು ಬರ್ಲಿ. ಕುರ್ಚಿ ಮಾತ್ರ ಹಾಕ್ಬೇಡ. ಟೆರೇಸಿಗೆ ಈಗ ತಾನೆ ವಾಟರ್‌ಪ್ರೂಫ್ ಹೊಡ್ಸಿದೀನಿ, ಕುರ್ಚಿ ಕಾಲು ಊರಿದ್ರೆ ತೂತಾಗುತ್ತೆ." ತಾವೇ ಜಮಖಾನೆ ತಂದು ಹಾಸಿ, ಯಾರ ಚಪ್ಪಲಿ ಎಲ್ಲಿದೆ ಅಂತ ಕಾಯುತ್ತಾ ಮೆಟ್ಟಿಲ ಬಾಯಲ್ಲಿ ನಿಂತರು.

ಎಲ್ಲರೂ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ನನ್ನ ಮುಖ ನೋಡಿದರು. ನನಗೋ ಹಾಡಿ ಗೊತ್ತಿಲ್ಲ. ಊರಿನಲ್ಲಿ ಆಷಾಢದ ಮಂಗಳವಾರ ಹುಡುಗಿಯರು ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಚುಚ್ಚಿ ಸಿಂಗರಿಸಿ, ಮನೆಮನೆಗೆ ಹೋಗಿ ಹಾಡಿ ಜೋಳ ಬೇಡುತ್ತಿದ್ದೆವು. ಆ ಗುಂಪಿನಲ್ಲಿ ನಾನೂ ಇದ್ದೆ, ನಿಜ. ಆದರೆ ದೊಡ್ಡಪ್ಪನ ಮಗಳು ನಿರ್ಮಲಕ್ಕ ಮೊದಲ ದಿನವೇ, "ಶಾಂತೀ, ನೀ ಬರೇ ಬಾಯಿ ಆಡಸು, ದನಿ ತಗೀಬ್ಯಾಡ. ನಿನ್ನ ದನಿ ಕೇಳಿದ್ರ ಮಂದಿ ಜ್ವಾಳಾ ಹಾಕಂಗಿಲ್ಲ" ಅಂದಿದ್ದಳು. ಅಂದಿನಿಂದ ಬಾಯಿ ಆಡಿಸಿದ್ದೇ ಬಂತು. ಜೋಳದ ಪುಟ್ಟಿ ಹೊರುವ ಕೆಲಸ ನನ್ನದು.

"ನಡಿ, ನಾನ್ ಶ್ರುತಿ ಹಿಡೀತೀನಿ" ಅಂತ ಸ್ಟೆಲ್ಲಾ ಪಕ್ಕದಲ್ಲಿ ಕೂತು ಮೆಲ್ಲಗೆ ಗುನುಗಿದಳು. ಅದೇ ಗುಳ್ಳವ್ವನ ಹಾಡನ್ನು ಎತ್ತಿಕೊಂಡೆ. ಶುರುವಿನಲ್ಲೇ ಶ್ರುತಿ ಮೇಲೆ ಹೋಯಿತು, ಎರಡನೆಯ ನುಡಿಗೆ ದನಿ ಒಡೆಯಿತು, ಮೂರನೆಯದು ಮರೆತೇಹೋಯಿತು. ಮರೆತ ಜಾಗದಲ್ಲಿ ಸಾಹೇಬರು "ವಾಹ್" ಅಂದರು. ಅವರಿಗೆ ಹಾಡು ಅರ್ಥವಾಗಿರಲಿಲ್ಲ, ಆದರೆ ಅಲ್ಲಿ ಒಂದು ವಾಹ್ ಬೇಕು ಅನ್ನುವುದು ಅರ್ಥವಾಗಿತ್ತು. ವಿಶ್ವನಾಥ್ ಮಹಾಜನರಂತೆ ಗಂಭೀರವಾಗಿ ತಲೆಯಾಡಿಸಿದರು. ಗ್ರೇಸ್ ಆಂಟಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆ ಮುಖಗಳನ್ನು ಬಿಟ್ಟು ನನಗೆ ಬೇರೇನೂ ಕಾಣಲಿಲ್ಲ. ಇವರೆಲ್ಲ ನರ್ಸರಿ ಕುರ್ಚಿಗಳ ಮುಂದೆ, ಖಾಲಿ ವರಾಂಡದಲ್ಲಿ, ನಿದ್ದೆಗಣ್ಣಿನ ಅಳಿಯಂದಿರ ಎದುರು ನಿಂತಾಗ ನಮ್ಮನ್ನು ಹೇಗೆ ನೋಡಿದ್ದರು ಅನ್ನುವುದು ಆಗ ತಿಳಿಯಿತು. ನಾನು ಮೊದಲಿನಿಂದ ಮತ್ತೆ ಹಾಡಿದೆ. ಚೆನ್ನಾಗಿ ಬಂತು ಅಂತ ಹೇಳಲಾರೆ, ಪೂರ್ತಿ ಬಂತು.

ಆಮೇಲೆ ವಿಶ್ವನಾಥ್ ರಾಜನ ಒಂದು ಮಾತುಗಾರಿಕೆ ಒಪ್ಪಿಸಿದರು. ಸಾಹೇಬರು ಒಂದು ಕವಿತೆ ಓದಿದರು, ಅನ್ವರ್ ಸಾಲು ಸಾಲಿಗೆ ಕನ್ನಡದಲ್ಲಿ ಹೇಳಿದ. ಗ್ರೇಸ್ ಆಂಟಿ ಕೇಕು ಕೊಯ್ದು ಹಂಚುತ್ತಾ ಸಾಹೇಬರ ಗಡ್ಡವನ್ನು ಒಂದು ಸಲ ಬರೆಯಬೇಕೆಂದು ಅವರನ್ನೇ ಕೇಳಿದರು. ಸಾಹೇಬರು ಶುಕ್ರವಾರ ಬಿಟ್ಟು ಯಾವಾಗಲಾದರೂ ಬನ್ನಿ ಅಂದರು. ಅವರವರೇ ಮಾತಾಡಿಕೊಳ್ಳುತ್ತಿದ್ದರು, ನಮ್ಮ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಸ್ಟೆಲ್ಲಾ ನನ್ನ ಕೈ ಹಿಡಿದು ಒತ್ತಿದಳು.

ಹೊರಡುವಾಗ ಗೇಟಿನ ತನಕ ಹೋದೆ. ಮನಸ್ಸು ತಡೆಯದೆ ಎಲ್ಲವನ್ನೂ ಹೇಳಿಬಿಟ್ಟೆ: ಅದು ಅಕ್ಷರ ಪರೀಕ್ಷೆಗೆ ಹಾಕಿದ್ದು, ತಪ್ಪಿ ಪ್ರಕಟವಾಯಿತು, ನನಗೆ ಹಾಡಲು ಬರುವುದಿಲ್ಲ. "ಇಷ್ಟು ದೂರ ಬಂದ್ರಿ ಸರ್, ತಪ್ಪು ತಿಳೀಬ್ಯಾಡ್ರಿ."

ವಿಶ್ವನಾಥ್ ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. "ನೀವ್ ಚೆನ್ನಾಗಿ ಹಾಡ್ತೀರ ಅಂತ ನಾನೆಲ್ಲಿ ಬಂದೆನಮ್ಮ? ಯಾರೂ ಬರಲ್ಲ ಅಂದ್ಕೊಂಡೆ. ಅದಕ್ಕೇ ಬಂದೆ."

"ನಾನೂ ಅದಕ್ಕೇ" ಅಂದರು ಹಿಂದಿನಿಂದ ಗ್ರೇಸ್ ಆಂಟಿ. ಸಾಹೇಬರು ಅಳಿಯನ ಹೆಗಲ ಮೇಲಿನ ಕೈ ತೆಗೆಯದೆಯೇ ತಲೆಯಾಡಿಸಿದರು.

ಮುಂದಿನ ಭಾನುವಾರ ಚಹಾದಂಗಡಿಯಲ್ಲಿ ಮುಚ್ಚುವ ಮಾತನ್ನು ಯಾರೂ ಎತ್ತಲಿಲ್ಲ. ಸ್ಟೆಲ್ಲಾ ಹೂವಿನ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿ, ಈ ವಾರ ಯಾರು ಎಲ್ಲಿಗೆ ಅಂತ ಕೇಳಿದಳು. ನನ್ನ ಪಾಲಿಗೆ ಬಂದದ್ದು ಕೆ.ಆರ್. ಪುರದ ಶಾಲೆಯೊಂದರಲ್ಲಿ ಗೊಂಬೆಯಾಟ. ಬಸ್ಸು ಸಿಗದೆ ತಡವಾಯಿತು. ಏದುಸಿರು ಬಿಡುತ್ತಾ ಒಳಗೆ ಹೋದೆ. ಕೋಣೆಯ ತುಂಬ ಖಾಲಿ ಕುರ್ಚಿಗಳು. ಮೊದಲ ಸಾಲಿನಲ್ಲಿ ವಿಶ್ವನಾಥ್ ಒಬ್ಬರೇ ಕೂತಿದ್ದರು. ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ನನಗೆ ಜಾಗ ಹಿಡಿದಿದ್ದರು.